ಬಿ ಫಾರಂ ಮತದಾರರ ಕೈಯಲ್ಲಿ: ಅಮೆರಿಕದ ಪ್ರೈಮರಿಯಲ್ಲಿ ಪ್ರಗತಿಪರರು ಗೆಲ್ಲುವುದೂ ಸೋಲುವುದೂ ಹೇಗೆ

ಕರ್ನಾಟಕದಲ್ಲಿ ಚುನಾವಣೆ ಹತ್ತಿರ ಬಂತೆಂದರೆ ಮೊದಲು ಶುರುವಾಗುವುದು ಟಿಕೆಟ್ ಓಡಾಟ. ಆಕಾಂಕ್ಷಿಗಳು ಬೆಂಗಳೂರಿಗೆ ಬರುತ್ತಾರೆ, ಅಲ್ಲಿಂದ ದೆಹಲಿಗೆ ಹೋಗಿ ಕಾಯುತ್ತಾರೆ. ಮೊದಲ ಪಟ್ಟಿ ಬರುತ್ತದೆ, ಎರಡನೆಯದು ಬರುತ್ತದೆ. ಬಿ ಫಾರಂ ಯಾರ ಕೈ ಸೇರಿತು ಎಂಬುದನ್ನು ಕ್ಷೇತ್ರದ ಮತದಾರರು ಟಿ.ವಿ. ನೋಡಿ ತಿಳಿದುಕೊಳ್ಳುತ್ತಾರೆ. ಟಿಕೆಟ್ ತಪ್ಪಿದವರು ಬಂಡಾಯ ಎದ್ದರೂ ಮತದಾರರನ್ನು ಆ ಹಂತದಲ್ಲಿ ಯಾರೂ ಒಂದು ಮಾತು ಕೇಳಿರುವುದಿಲ್ಲ.

ಅಮೆರಿಕದಲ್ಲಿ ಆ ಬಿ ಫಾರಂ ಕೊಡುವವರು ಮತದಾರರೇ. ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ ಯಾರಾಗಬೇಕು, ರಿಪಬ್ಲಿಕನ್ ಪಕ್ಷದ ಅಭ್ಯರ್ಥಿ ಯಾರಾಗಬೇಕು ಎಂಬುದನ್ನು ತೀರ್ಮಾನಿಸಲು ಅಲ್ಲಿ ಬೇರೆಯದೇ ಒಂದು ಚುನಾವಣೆ ನಡೆಯುತ್ತದೆ. ಅದೇ ಪ್ರೈಮರಿ. ಇಷ್ಟು ದೊಡ್ಡ ಅಧಿಕಾರ ಜನರ ಕೈಯಲ್ಲಿದ್ದರೂ ಅದನ್ನು ಬಳಸುವವರು ಬಹಳ ಕಡಿಮೆ. 2020ರ ಅಧ್ಯಕ್ಷೀಯ ಚುನಾವಣೆಯಲ್ಲಿ ಅರ್ಹರ ಪೈಕಿ ಸುಮಾರು ಮೂರನೇ ಎರಡರಷ್ಟು ಜನ ಮತ ಹಾಕಿದ್ದರು. 2022ರ ಪ್ರೈಮರಿಗಳಲ್ಲಿ ಹಾಕಿದವರು ಐವರಲ್ಲಿ ಒಬ್ಬರ ಆಸುಪಾಸು. ಉಳಿದ ನಾಲ್ವರ ಪರವಾಗಿ ಆ ಒಬ್ಬರೇ ಟಿಕೆಟ್ ಹಂಚಿದರು.

ಈ ಅಂತರ ಎಲ್ಲರಿಗೂ ನಷ್ಟವೇ. ಪ್ರಗತಿಪರರಿಗಂತೂ ಅಳಿವು ಉಳಿವಿನ ಪ್ರಶ್ನೆ. ಇಲ್ಲಿ ಪ್ರಗತಿಪರರು ಎಂದರೆ ಡೆಮಾಕ್ರಟಿಕ್ ಪಕ್ಷದ ಎಡ ಮಗ್ಗುಲಲ್ಲಿ ನಿಂತವರು: ಎಲ್ಲರಿಗೂ ಸರ್ಕಾರಿ ಆರೋಗ್ಯ ವಿಮೆ ಬೇಕು, 2009ರಿಂದ ಗಂಟೆಗೆ 7.25 ಡಾಲರ್‌ಗೇ ನಿಂತುಬಿಟ್ಟಿರುವ ರಾಷ್ಟ್ರೀಯ ಕನಿಷ್ಠ ಕೂಲಿ ಏರಬೇಕು, ಮನೆ ಬಾಡಿಗೆಗೆ ಕಡಿವಾಣ ಬೇಕು, ಅತಿ ಶ್ರೀಮಂತರ ಮೇಲೆ ಹೆಚ್ಚು ತೆರಿಗೆ ಬೀಳಬೇಕು ಎನ್ನುವವರು.

ಬಾಗಿಲು ಮಾಡಿಸಿದವರು ಯಾರು

ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದಲ್ಲೂ ಟಿಕೆಟ್ ಹಂಚುತ್ತಿದ್ದವರು ಪಕ್ಷದ ಮುಖಂಡರೇ. ರೈಲ್ವೆ ಕಂಪನಿಗಳ ಮತ್ತು ಮರದ ವ್ಯಾಪಾರಿಗಳ ಹಣ ಎಲ್ಲಿ ಹರಿಯುತ್ತಿತ್ತೋ ಟಿಕೆಟ್ಟೂ ಅಲ್ಲಿಗೇ ಹೋಗುತ್ತಿತ್ತು. ಇದನ್ನು ಮುರಿಯಬೇಕೆಂದು ಹಟ ಹಿಡಿದವರು ವಿಸ್ಕಾನ್ಸಿನ್ ರಾಜ್ಯದ ಗವರ್ನರ್ ರಾಬರ್ಟ್ ಲಾ ಫಾಲೆಟ್. ಅಭ್ಯರ್ಥಿಯನ್ನು ಮತದಾರರೇ ನೇರವಾಗಿ ಆರಿಸುವ ಕಾನೂನು ಅವರ ಕಾಲದಲ್ಲಿ, 1903ರಲ್ಲಿ, ಅಲ್ಲಿ ಬಂತು. ಮರುವರ್ಷ ಜನಮತಗಣನೆಯಲ್ಲಿ ಜನ ಅದಕ್ಕೆ ಒಪ್ಪಿಗೆ ಕೊಟ್ಟರು. ಆ ಕಾಲದ ಸುಧಾರಕರು ತಮ್ಮನ್ನು ಕರೆದುಕೊಂಡದ್ದೂ ಪ್ರಗತಿಪರರು ಎಂದೇ. ಇಂದಿನ ಪ್ರಗತಿಪರರು ದಾಟಬೇಕಾದ ಬಾಗಿಲನ್ನು ಮಾಡಿಸಿದವರು ಅವರ ಹಿರಿಯರೇ.

ಅಧ್ಯಕ್ಷ ಹುದ್ದೆಯ ಅಭ್ಯರ್ಥಿಯ ಮಟ್ಟಿಗೆ ಈ ಅಧಿಕಾರ ಜನರಿಗೆ ಸಿಕ್ಕಿದ್ದು ಇನ್ನೂ ತಡವಾಗಿ. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದೇ ಒಂದು ಪ್ರೈಮರಿಗೂ ಇಳಿಯದೆ ಡೆಮಾಕ್ರಟಿಕ್ ಅಭ್ಯರ್ಥಿಯಾದರು. ವಿಯೆಟ್ನಾಂ ಯುದ್ಧದ ವಿರುದ್ಧ ರೊಚ್ಚಿಗೆದ್ದಿದ್ದ ಯುವಜನರ ಮೇಲೆ ಶಿಕಾಗೋ ಬೀದಿಗಳಲ್ಲಿ ಲಾಠಿ ಬೀಸುತ್ತಿದ್ದಾಗಲೇ ಪಕ್ಷದ ಸಮಾವೇಶ ಆ ತೀರ್ಮಾನ ಮಾಡಿತು. ಆ ಅವಮಾನದ ನಂತರ ಪಕ್ಷ ತನ್ನ ನಿಯಮಗಳನ್ನು ಬದಲಿಸಿತು. 1972ರಿಂದ ಪ್ರೈಮರಿಯೇ ಮುಖ್ಯ ದಾರಿಯಾಯಿತು.

ನವೆಂಬರಿಗೆ ಮೊದಲೇ ಮುಗಿದ ತೀರ್ಮಾನ

ಪ್ರೈಮರಿಗೆ ಇಷ್ಟು ತೂಕ ಯಾಕೆ? ಅಮೆರಿಕದ ಸಂಸತ್ತಿನ ಕೆಳಮನೆಯಲ್ಲಿ 435 ಕ್ಷೇತ್ರಗಳಿವೆ. ಅವುಗಳಲ್ಲಿ ಬಹುಪಾಲು ಯಾವುದಾದರೂ ಒಂದು ಪಕ್ಷದ ಭದ್ರಕೋಟೆ. ಕ್ಷೇತ್ರಗಳ ಗಡಿಯನ್ನು ಪಕ್ಷಗಳು ತಮಗೆ ಬೇಕಾದಂತೆ ಎಳೆದುಕೊಳ್ಳುವುದು ಒಂದು ಕಾರಣ. ನಗರಗಳಲ್ಲಿ ಡೆಮಾಕ್ರಟರು, ಹಳ್ಳಿಗಾಡಿನಲ್ಲಿ ರಿಪಬ್ಲಿಕನ್ನರು ಒಟ್ಟುಗೂಡಿರುವುದು ಇನ್ನೊಂದು. ಇಂಥ ಕಡೆ ಪ್ರಬಲ ಪಕ್ಷದ ಟಿಕೆಟ್ ಸಿಕ್ಕಿತೆಂದರೆ ಸೀಟು ಸಿಕ್ಕಂತೆಯೇ. ನವೆಂಬರಿನ ಮತದಾನ ಅದರ ಮೇಲೆ ಒತ್ತುವ ಮುದ್ರೆ ಮಾತ್ರ.

ಬೆಳಗಾವಿಯಲ್ಲಿ ಬೆಳೆದು ಅಮೆರಿಕಕ್ಕೆ ಹೋದ ಶ್ರೀ ಥಾಣೇದಾರ್ ಅವರ ಉದಾಹರಣೆ ನೋಡಿ. 2022ರ ಆಗಸ್ಟ್‌ನಲ್ಲಿ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ಭಾಗದ ಕ್ಷೇತ್ರದ ಡೆಮಾಕ್ರಟಿಕ್ ಟಿಕೆಟ್‌ಗೆ ಒಂಬತ್ತು ಜನ ಪೈಪೋಟಿ ನಡೆಸಿದರು. ಥಾಣೇದಾರ್ ಅವರಿಗೆ ಬಂದದ್ದು ಶೇ 28ರ ಆಸುಪಾಸು ಮತ. ಗೆಲ್ಲಲು ಅಷ್ಟೇ ಸಾಕಾಯಿತು. ನವೆಂಬರಿನಲ್ಲಿ ಅದೇ ಕ್ಷೇತ್ರ ಅವರನ್ನು ಶೇ 70ಕ್ಕೂ ಹೆಚ್ಚು ಮತ ಕೊಟ್ಟು ಸಂಸತ್ತಿಗೆ ಕಳಿಸಿತು. ಸಂಸದ ಯಾರೆಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆಗಸ್ಟ್‌ನಲ್ಲೇ.

ಇದನ್ನು ಎಲ್ಲರಿಗಿಂತ ಚೆನ್ನಾಗಿ ಅರಿತಿದ್ದವರು ಜನರ ಮತ ಕಸಿಯಬಯಸಿದವರು. ದಕ್ಷಿಣದ ರಾಜ್ಯಗಳಲ್ಲಿ ಒಂದು ಕಾಲಕ್ಕೆ ಡೆಮಾಕ್ರಟಿಕ್ ಪಕ್ಷ ಬಿಟ್ಟರೆ ಬೇರೆ ಪಕ್ಷಕ್ಕೆ ನೆಲೆಯೇ ಇರಲಿಲ್ಲ. ಅಲ್ಲಿ ಕಪ್ಪು ಜನರನ್ನು ಅಧಿಕಾರದಿಂದ ದೂರ ಇಡಲು ಹೂಡಿದ ತಂತ್ರಗಳಲ್ಲೊಂದು ಪ್ರೈಮರಿಯಲ್ಲಿ ಬಿಳಿಯರಿಗಷ್ಟೇ ಅವಕಾಶ ಎಂಬ ನಿಯಮ. ಟೆಕ್ಸಸ್‌ನ ಹ್ಯೂಸ್ಟನ್ ಊರಿನ ದಂತವೈದ್ಯ ಲಾನಿ ಸ್ಮಿತ್ ಇದರ ವಿರುದ್ಧ ಕೋರ್ಟಿಗೆ ಹೋದರು. 1944ರಲ್ಲಿ ಸುಪ್ರೀಂ ಕೋರ್ಟ್ ಆ ನಿಯಮವನ್ನು ರದ್ದು ಮಾಡಿತು. ಪ್ರೈಮರಿಯ ಮತಕ್ಕಾಗಿ ಒಬ್ಬ ಮನುಷ್ಯ ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋರಾಡಿದ ಎಂಬುದನ್ನು ಪ್ರೈಮರಿಯ ದಿನ ಮನೆಯಲ್ಲೇ ಉಳಿಯುವವರು ನೆನಪಿಸಿಕೊಳ್ಳಬೇಕು.

ಒಂದು ಸಣ್ಣ ಊರಿನಷ್ಟು ಮತಗಳು

2018ರ ಜೂನ್ 26. ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಮತ್ತು ಕ್ವೀನ್ಸ್ ಭಾಗಗಳಲ್ಲಿ ಹರಡಿದ್ದ 14ನೇ ಕ್ಷೇತ್ರ. ಭಾರತೀಯ ಅಂಗಡಿಗಳಿಗೆ ಹೆಸರಾದ ಜಾಕ್ಸನ್ ಹೈಟ್ಸ್ ಕೂಡ ಆಗ ಇದರ ವ್ಯಾಪ್ತಿಗೆ ಬರುತ್ತಿತ್ತು. ಒಂದು ಕಡೆ ಹತ್ತು ಅವಧಿಗೆ ಗೆದ್ದಿದ್ದ ಜೋ ಕ್ರೌಲಿ, ಕೆಳಮನೆಯ ಡೆಮಾಕ್ರಟರಲ್ಲಿ ನಾಲ್ಕನೇ ಸ್ಥಾನದ ನಾಯಕ. ಇನ್ನೊಂದು ಕಡೆ 28 ವರ್ಷದ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕಾರ್ಟೆಜ್, ಸ್ವಲ್ಪ ಕಾಲದ ಹಿಂದಷ್ಟೇ ಬಾರ್ ಒಂದರಲ್ಲಿ ಕೆಲಸ ಮಾಡುತ್ತಿದ್ದ ಯುವತಿ. ಸುಮಾರು ಏಳು ಲಕ್ಷ ಜನರ ಕ್ಷೇತ್ರ, ಎರಡು ಲಕ್ಷಕ್ಕೂ ಹೆಚ್ಚು ನೋಂದಾಯಿತ ಡೆಮಾಕ್ರಟರು. ಅಂದು ಮತ ಹಾಕಿದವರು ಮೂವತ್ತು ಸಾವಿರದ ಹತ್ತಿರ. ಒಕಾಸಿಯೊ-ಕಾರ್ಟೆಜ್ ಅವರಿಗೆ ಸುಮಾರು 17 ಸಾವಿರ, ಕ್ರೌಲಿ ಅವರಿಗೆ ಸುಮಾರು 13 ಸಾವಿರ ಮತ ಬಿದ್ದವು. ನಡುವಿನ ನಾಲ್ಕು ಸಾವಿರ ಮತ ಅಮೆರಿಕದ ರಾಜಕೀಯದ ಮಾತನ್ನೇ ಬದಲಿಸಿತು.

ಇದನ್ನು ಓದಿ ಖುಷಿಪಡುವ ಪ್ರಗತಿಪರರು ಇನ್ನೊಂದು ಕಥೆಯನ್ನೂ ಓದಬೇಕು. 2022ರ ಮೇ 24ರಂದು ಟೆಕ್ಸಸ್‌ನ 28ನೇ ಕ್ಷೇತ್ರದಲ್ಲಿ ಮರುಸುತ್ತಿನ ಪ್ರೈಮರಿ ನಡೆಯಿತು. ಅಲ್ಲಿನ ಸಂಸದ ಹೆನ್ರಿ ಕ್ವೆಯಾರ್ ಗರ್ಭಪಾತದ ಹಕ್ಕನ್ನು ಕಾನೂನಾಗಿಸುವ ಮಸೂದೆಯ ವಿರುದ್ಧ 2021ರಲ್ಲಿ ಮತ ಹಾಕಿದ ಕೆಳಮನೆಯ ಏಕೈಕ ಡೆಮಾಕ್ರಟ್. ಅವರಿಗೆ ಎದುರಾಗಿ ನಿಂತವರು ಯುವ ವಕೀಲೆ ಜೆಸಿಕಾ ಸಿಸ್ನೆರೋಸ್. ಆ ಹಕ್ಕನ್ನು ಸುಪ್ರೀಂ ಕೋರ್ಟ್ ಕಿತ್ತುಹಾಕಲಿದೆ ಎಂಬ ಸುದ್ದಿ ಸೋರಿಕೆಯಾಗಿ ಮೂರು ವಾರವಾಗಿತ್ತು. ದೇಶವೇ ಕುದಿಯುತ್ತಿತ್ತು. ಬಿದ್ದ ಮತ ಸುಮಾರು 45 ಸಾವಿರ. ಮರುಎಣಿಕೆಯ ನಂತರ ಸಿಸ್ನೆರೋಸ್ ಸೋತದ್ದು 289 ಮತಗಳಿಂದ.

ಸಂಸತ್ತಿಗಿಂತ ಕೆಳಗಿನ ಹುದ್ದೆಗಳಲ್ಲಿ ಅಂತರ ಇನ್ನೂ ಸಣ್ಣದು. 2019ರಲ್ಲಿ ಕ್ವೀನ್ಸ್ ಜಿಲ್ಲೆಯ ಪ್ರಾಸಿಕ್ಯೂಟರ್ ಹುದ್ದೆಗೆ ಡೆಮಾಕ್ರಟಿಕ್ ಪ್ರೈಮರಿ ನಡೆಯಿತು. ಯಾವ ಪ್ರಕರಣವನ್ನು ಕೋರ್ಟಿಗೆ ಒಯ್ಯಬೇಕು, ಯಾವ ಸಣ್ಣ ತಪ್ಪಿಗೆ ಜೈಲು ಕೇಳಬಾರದು ಎಂದು ನಿರ್ಧರಿಸುವ ಹುದ್ದೆ ಅದು. ಅಲ್ಲಿ ಇದಕ್ಕೂ ಚುನಾವಣೆ ಉಂಟು. ಸುಮಾರು 90 ಸಾವಿರ ಮತ ಬಿದ್ದವು. ಪ್ರಗತಿಪರ ಅಭ್ಯರ್ಥಿ ಟಿಫನಿ ಕಬಾನ್ ಸೋತದ್ದು ನೂರಕ್ಕಿಂತ ಕಡಿಮೆ ಮತಗಳಿಂದ. ಒಂದು ದೊಡ್ಡ ಅಪಾರ್ಟ್‌ಮೆಂಟ್ ಕಟ್ಟಡದ ಜನ ಸಾಕಿತ್ತು.

ಬಾರದವರು ಯಾರು

ಪ್ರೈಮರಿಗೆ ತಪ್ಪದೆ ಬರುವವರು ಹೆಚ್ಚಾಗಿ ವಯಸ್ಸಾದವರು, ಸ್ವಂತ ಮನೆ ಇರುವವರು, ಒಂದೇ ವಿಳಾಸದಲ್ಲಿ ವರ್ಷಗಟ್ಟಲೆ ಇರುವವರು. ಬಾರದವರು ಹೆಚ್ಚಾಗಿ ಯುವಜನ, ಬಾಡಿಗೆದಾರರು, ಪಾಳಿಯಲ್ಲಿ ದುಡಿಯುವವರು. ಬಾಡಿಗೆ, ಕೂಲಿ, ಆರೋಗ್ಯ ವಿಮೆ, ಕಾಲೇಜು ಸಾಲ ಎಂಬ ಪ್ರಗತಿಪರರ ಕಾರ್ಯಕ್ರಮ ಮುಖ್ಯವಾಗಿ ಯಾರ ಬದುಕಿಗೆ ತಾಗುತ್ತದೋ ಅವರೇ ಮತಗಟ್ಟೆಯಿಂದ ದೂರ ಉಳಿಯುತ್ತಾರೆ. ಅದಕ್ಕೇ ಮತದಾನದ ಪ್ರಮಾಣದ ಚಿಂತೆ ಇವರಿಗೆ ಉಳಿದೆಲ್ಲರಿಗಿಂತ ಹೆಚ್ಚು. ಎದುರಾಳಿಯ ಬಳಿ ಹಣವಿರುತ್ತದೆ, ಹಳೆಯ ಹೆಸರಿರುತ್ತದೆ, ಪಕ್ಷದ ಕಚೇರಿಯ ಬೆಂಬಲವಿರುತ್ತದೆ. ಇವರ ಬಂಡವಾಳ ಮತಗಟ್ಟೆಗೆ ಬರುವ ಜನ ಮಾತ್ರ.

ಬಾರದಿರುವುದನ್ನು ಸೋಮಾರಿತನ ಎಂದು ತಳ್ಳಿಹಾಕುವುದು ಅನ್ಯಾಯ. ಮತದಾನ ಸಾಮಾನ್ಯವಾಗಿ ಮಂಗಳವಾರ, ಹೆಚ್ಚಿನ ಕಡೆ ರಜೆ ಇಲ್ಲ. ಪ್ರೈಮರಿ ಒಂದು ರಾಜ್ಯದಲ್ಲಿ ಮಾರ್ಚ್‌ನಲ್ಲಿ ಬಂದರೆ ಇನ್ನೊಂದರಲ್ಲಿ ಆಗಸ್ಟ್‌ನಲ್ಲಿ. ನಿಯಮಗಳೂ ರಾಜ್ಯಕ್ಕೊಂದು ಬಗೆ. ನ್ಯೂಯಾರ್ಕ್, ಪೆನ್ಸಿಲ್ವೇನಿಯಾ, ಫ್ಲಾರಿಡಾದಲ್ಲಿ ಪಕ್ಷದ ಹೆಸರಿನಲ್ಲಿ ಮೊದಲೇ ನೋಂದಾಯಿಸಿಕೊಂಡವರಿಗಷ್ಟೇ ಆ ಪಕ್ಷದ ಪ್ರೈಮರಿಯಲ್ಲಿ ಮತ. 2016ರ ಏಪ್ರಿಲ್ 19ರ ನ್ಯೂಯಾರ್ಕ್ ಪ್ರೈಮರಿಯಲ್ಲಿ ಅಧ್ಯಕ್ಷ ಹುದ್ದೆಯ ಟಿಕೆಟ್ ಬಯಸಿದ್ದ ಪ್ರಗತಿಪರ ಬರ್ನಿ ಸ್ಯಾಂಡರ್ಸ್ ಅವರಿಗೆ ಮತ ಹಾಕಬೇಕೆಂದುಕೊಂಡ ಪಕ್ಷೇತರ ಮತದಾರರು ಪಕ್ಷ ಬದಲಿಸಲು ಕೊನೆಯ ದಿನ 2015ರ ಅಕ್ಟೋಬರ್ 9 ಆಗಿತ್ತು. ಆರು ತಿಂಗಳಿಗೂ ಮೊದಲೇ! ಪ್ರಚಾರ ಕಾವೇರಿ ಜನ ಎಚ್ಚೆತ್ತುಕೊಳ್ಳುವ ಹೊತ್ತಿಗೆ ಬಾಗಿಲು ಮುಚ್ಚಿತ್ತು.

ಮತಪತ್ರದ ವಿನ್ಯಾಸವೂ ತಡೆಗೋಡೆಯಾಗಬಲ್ಲದು. ನ್ಯೂಜೆರ್ಸಿಯ ಹೆಚ್ಚಿನ ಕೌಂಟಿಗಳಲ್ಲಿ, ಅಂದರೆ ಜಿಲ್ಲೆಗಳಲ್ಲಿ, ಸ್ಥಳೀಯ ಪಕ್ಷದ ನಾಯಕರು ಒಪ್ಪಿದ ಅಭ್ಯರ್ಥಿಗಳೆಲ್ಲರನ್ನೂ ಒಂದೇ ಸಾಲಿನಲ್ಲಿ, ಕಣ್ಣಿಗೆ ಬೀಳುವ ಜಾಗದಲ್ಲಿ ಅಚ್ಚು ಹಾಕುತ್ತಿದ್ದರು. ಉಳಿದವರು ಎಲ್ಲೋ ಮೂಲೆಗೆ. 'ಕೌಂಟಿ ಲೈನ್' ಎಂದು ಇದರ ಹೆಸರು. ಸೆನೆಟ್ ಅಭ್ಯರ್ಥಿಯಾಗಿದ್ದ ಆಂಡಿ ಕಿಮ್ ಮತ್ತಿತರರು ಹೂಡಿದ ದಾವೆಯಲ್ಲಿ 2024ರ ಮಾರ್ಚ್ 29ರಂದು ಫೆಡರಲ್ ನ್ಯಾಯಾಧೀಶರು ಆ ವರ್ಷದ ಡೆಮಾಕ್ರಟಿಕ್ ಪ್ರೈಮರಿಗೆ ಅದನ್ನು ತಡೆದರು. ನ್ಯೂಜೆರ್ಸಿಯ ಎಡಿಸನ್ ಊರಿನ ಕನ್ನಡಿಗ ಡೆಮಾಕ್ರಟರ ಕೈಗೂ ಆ ಜೂನಿನಲ್ಲಿ ಬಂದದ್ದು ಒಂದೊಂದು ಹುದ್ದೆಯ ಎಲ್ಲ ಹೆಸರುಗಳೂ ಒಟ್ಟಿಗಿದ್ದ ಮತಪತ್ರ.

ಸೋತ ಚುನಾವಣೆ ತಂದ ಕಾನೂನು

ಪ್ರೈಮರಿಗೆ ಹೆಚ್ಚು ಜನ ಬಂದರೆ ಆಗುವುದೇನು ಎಂಬುದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉತ್ತರ ನ್ಯೂಯಾರ್ಕ್ ರಾಜ್ಯದ ಏಳು ವರ್ಷಗಳ ಕಥೆ.

2018ರ ಸೆಪ್ಟೆಂಬರ್ 13ರಂದು ಗವರ್ನರ್ ಹುದ್ದೆಯ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಆಗಿನ ಗವರ್ನರ್ ಆಂಡ್ರ್ಯೂ ಕುವೊಮೊ ವಿರುದ್ಧ ನಟಿ ಸಿಂಥಿಯಾ ನಿಕ್ಸನ್ ನಿಂತರು. ನಾಲ್ಕು ವರ್ಷದ ಹಿಂದೆ ಇದೇ ಪ್ರೈಮರಿಗೆ ಬಂದಿದ್ದವರು ಆರು ಲಕ್ಷಕ್ಕಿಂತ ಕಡಿಮೆ. ಈ ಸಲ ಬಂದವರು ಹದಿನೈದು ಲಕ್ಷದ ಆಸುಪಾಸು. ಆದರೂ ನಿಕ್ಸನ್ ದೊಡ್ಡ ಅಂತರದಿಂದ ಸೋತರು. ಮೇಲುನೋಟಕ್ಕೆ ಪ್ರಗತಿಪರರಿಗೆ ಸೋಲು.

ಅದೇ ಮತಪತ್ರದಲ್ಲಿ ಕೆಳಗೆ ರಾಜ್ಯ ಸೆನೆಟ್ ಅಭ್ಯರ್ಥಿಗಳ ಹೆಸರೂ ಇದ್ದವು. ಆ ಸೆನೆಟ್‌ನಲ್ಲಿ ಎಂಟು ಡೆಮಾಕ್ರಟರ ಒಂದು ಗುಂಪಿತ್ತು. ಡೆಮಾಕ್ರಟಿಕ್ ಟಿಕೆಟ್‌ನಲ್ಲಿ ಗೆದ್ದು, ವರ್ಷಗಳ ಕಾಲ ರಿಪಬ್ಲಿಕನ್ನರ ಜೊತೆ ಕೈಜೋಡಿಸಿ ಅಧಿಕಾರ ಹಂಚಿಕೊಂಡಿದ್ದ ಗುಂಪು. ಬಾಡಿಗೆದಾರರ ರಕ್ಷಣೆಯ ಮಸೂದೆಗಳು ಅಲ್ಲಿ ಮುಂದೆ ಸಾಗುತ್ತಲೇ ಇರಲಿಲ್ಲ. ಆ ಎಂಟರಲ್ಲಿ ಆರು ಜನ ಅಂದು ಟಿಕೆಟ್ ಕಳೆದುಕೊಂಡರು. ಗುಂಪಿನ ನಾಯಕ ಜೆಫ್ ಕ್ಲೈನ್ ಅವರನ್ನು ಅಲೆಸಾಂಡ್ರಾ ಬಿಯಾಜಿ ಎಂಬ ಯುವ ವಕೀಲೆ ಸೋಲಿಸಿದರು. ನವೆಂಬರಿನಲ್ಲಿ ಸೆನೆಟ್ ಡೆಮಾಕ್ರಟರ ವಶವಾಯಿತು.

ಮುಂದಿನ ವರ್ಷ ಒಂದರ ಹಿಂದೆ ಒಂದು ಕಾನೂನುಗಳು ಬಂದವು. ಬಾಡಿಗೆದಾರರಿಗೆ ದಶಕಗಳಲ್ಲೇ ಬಲವಾದ ರಕ್ಷಣೆ ಸಿಕ್ಕಿತು. 2040ರೊಳಗೆ ಹೊಗೆಯಿಲ್ಲದ ವಿದ್ಯುತ್ತಿನ ಗುರಿ ಇಟ್ಟ ಹವಾಮಾನ ಕಾನೂನು ಬಂತು. ಮತದಾನದ ದಿನಕ್ಕೆ ಮೊದಲೇ ಹಲವು ದಿನ ಮತ ಹಾಕುವ ಅವಕಾಶವೂ ಆಗಲೇ ಬಂತು, ಅದಕ್ಕೆ ಸಹಿ ಹಾಕಿದವರು ಗವರ್ನರ್ ಕುವೊಮೊ. ಅದೇ ವರ್ಷ ನ್ಯೂಯಾರ್ಕ್ ನಗರದ ಮತದಾರರು ತಮ್ಮ ಪ್ರೈಮರಿಗಳಿಗೆ ಆದ್ಯತೆಯ ಮತಪದ್ಧತಿಯನ್ನು ಒಪ್ಪಿಕೊಂಡರು. ಐದು ಹೆಸರುಗಳವರೆಗೆ ಮೊದಲು, ಎರಡನೆಯದು ಎಂದು ಕ್ರಮವಾಗಿ ಗುರುತಿಸಬಹುದು. ನಮ್ಮಲ್ಲಿ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರಕ್ಕೆ ಮತ ಹಾಕಿದವರಿಗೆ ಇದು ಹೊಸದಲ್ಲ.

2020ರ ಜೂನಿನಲ್ಲಿ, ಕ್ವೀನ್ಸ್‌ನ ಅಸ್ಟೋರಿಯಾದಲ್ಲಿ ಜೊಹ್ರಾನ್ ಮಮ್ದಾನಿ ಎಂಬ ಯುವಕ ರಾಜ್ಯ ಅಸೆಂಬ್ಲಿಯ ಪ್ರೈಮರಿ ಗೆದ್ದರು. ಅಂತರ ಐನೂರಕ್ಕಿಂತ ಕಡಿಮೆ. ಐದು ವರ್ಷದ ನಂತರ, 2025ರ ಜೂನ್ 24ರಂದು, ಅವರು ನ್ಯೂಯಾರ್ಕ್ ಮೇಯರ್ ಟಿಕೆಟ್‌ಗೆ ನಿಂತಾಗ ಎದುರಿಗಿದ್ದವರು ಅದೇ ಕುವೊಮೊ. ಪ್ರೈಮರಿಗೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಬಂದರು. ಮುಂಚಿತ ಮತದಾನದಲ್ಲೇ 3.8 ಲಕ್ಷಕ್ಕೂ ಹೆಚ್ಚು ಮತ ಬಿದ್ದವು, 2021ರ ಪ್ರೈಮರಿಯ ಎರಡರಷ್ಟು. ಆದ್ಯತೆಯ ಪದ್ಧತಿ ಇದ್ದುದರಿಂದ ಮಮ್ದಾನಿ ಮತ್ತು ಇನ್ನೊಬ್ಬ ಅಭ್ಯರ್ಥಿ ಬ್ರಾಡ್ ಲ್ಯಾಂಡರ್ ಪರಸ್ಪರರಿಗೇ ಎರಡನೇ ಮತ ಕೇಳಿದರು. ಕೊನೆಯ ಎಣಿಕೆಯಲ್ಲಿ ಮಮ್ದಾನಿ ಅವರಿಗೆ ಶೇ 56, ಕುವೊಮೊ ಅವರಿಗೆ ಶೇ 44. ನವೆಂಬರಿನಲ್ಲಿ ಮಮ್ದಾನಿ ಮೇಯರ್ ಆಗಿ ಆಯ್ಕೆಯಾದರು.

2018ರಲ್ಲಿ ನಿಕ್ಸನ್ ಅವರಿಗೆ ಮತ ಹಾಕಿ ಸೋತೆವು ಎಂದುಕೊಂಡು ಮನೆಗೆ ಹೋದವರು ಇದನ್ನು ಊಹಿಸಿರಲಾರರು. ಅವರ ಮತ ಸೆನೆಟ್ ಬದಲಿಸಿತು, ಸೆನೆಟ್ ಕಾನೂನು ಬದಲಿಸಿತು, ಆ ಕಾನೂನು ಮುಂದಿನವರಿಗೆ ಮತಗಟ್ಟೆಯ ದಾರಿ ಸಲೀಸು ಮಾಡಿತು.

ಜನ ಹೆಚ್ಚಾದರೆ ಗೆಲುವು ಖಚಿತವೇ?

ಖಂಡಿತ ಇಲ್ಲ. 2020ರ ಅಧ್ಯಕ್ಷೀಯ ಪ್ರೈಮರಿಯಲ್ಲಿ ವರ್ಜೀನಿಯಾದ ಡೆಮಾಕ್ರಟಿಕ್ ಮತಗಳು ನಾಲ್ಕು ವರ್ಷದ ಹಿಂದಿನ ಸುಮಾರು 7.8 ಲಕ್ಷದಿಂದ 13.2 ಲಕ್ಷಕ್ಕೆ ಏರಿದವು. ಲಾಭವಾದದ್ದು ಜೋ ಬೈಡನ್ ಅವರಿಗೆ, ಸ್ಯಾಂಡರ್ಸ್ ಅವರಿಗಲ್ಲ. ಇದೇ ಪ್ರೈಮರಿಯನ್ನು ಬಲಪಂಥವೂ ಬಳಸಿದೆ. 2014ರಲ್ಲಿ ಅದೇ ವರ್ಜೀನಿಯಾದಲ್ಲಿ ಕೆಳಮನೆಯ ರಿಪಬ್ಲಿಕನ್ ಬಹುಮತದ ನಾಯಕ ಎರಿಕ್ ಕ್ಯಾಂಟರ್ ಅವರನ್ನು ಡೇವ್ ಬ್ರಾಟ್ ಎಂಬ ಪ್ರಾಧ್ಯಾಪಕರು ಸೋಲಿಸಿದಾಗ ಬಿದ್ದದ್ದು ಸುಮಾರು 65 ಸಾವಿರ ಮತ. ಹಣದ ಬಲವೂ ಕಡಿಮೆಯದಲ್ಲ. 2024ರಲ್ಲಿ ನ್ಯೂಯಾರ್ಕ್‌ನ ಪ್ರಗತಿಪರ ಸಂಸದ ಜಮಾಲ್ ಬೋಮನ್ ಅವರನ್ನು ಪ್ರೈಮರಿಯಲ್ಲಿ ಸೋಲಿಸಲು ಒಂದೇ ಸಂಘಟನೆ 1.4 ಕೋಟಿ ಡಾಲರ್‌ಗೂ ಹೆಚ್ಚು ಸುರಿಯಿತು. ಬೋಮನ್ ಸೋತರು.

ಆದ್ದರಿಂದ ಪ್ರಗತಿಪರರು ಕೇಳಿಕೊಳ್ಳಬೇಕಾದ ಪ್ರಶ್ನೆ ಎಷ್ಟು ಜನ ಬಂದರು ಎಂಬುದಷ್ಟೇ ಅಲ್ಲ, ಬಂದವರಲ್ಲಿ ಹೊಸಬರು ಎಷ್ಟು ಎಂಬುದು. ಪ್ರತಿ ಸಲವೂ ಬರುವ ಮತದಾರರ ಮನೆಗೇ ಮತ್ತೆ ಮತ್ತೆ ಹೋಗಿ ಬಾಗಿಲು ತಟ್ಟುವುದರಿಂದ ಲೆಕ್ಕ ಬದಲಾಗುವುದಿಲ್ಲ. ಎಂದೂ ಬಾರದ ಬಾಡಿಗೆದಾರರನ್ನು, ಟ್ಯಾಕ್ಸಿ ಓಡಿಸುವವರನ್ನು, ಮೊದಲ ಸಲ ಮತದ ಹಕ್ಕು ಸಿಕ್ಕ ವಲಸಿಗರನ್ನು ಅವರವರ ಭಾಷೆಯಲ್ಲಿ ಮಾತಾಡಿಸಿ ಕರೆತಂದರೆ ಬದಲಾಗುತ್ತದೆ.

ಅಲ್ಲಿರುವ ನಮ್ಮವರು ಮಾಡಬೇಕಾದ್ದು

ಅಮೆರಿಕದ ಪೌರತ್ವ ಪಡೆದ ಕನ್ನಡಿಗರು ಈಗ ಸಣ್ಣ ಸಂಖ್ಯೆಯವರಲ್ಲ. ನಿಮ್ಮ ಒಲವು ಯಾವ ಕಡೆಗೇ ಇರಲಿ, ಇವನ್ನು ಗಮನಿಸಿ.

ಮೊದಲು ನೋಂದಣಿ. ಪೌರತ್ವ ಬಂದರೆ ಹೆಸರು ತಾನಾಗಿ ಪಟ್ಟಿಗೆ ಸೇರಿತೆಂದುಕೊಳ್ಳಬೇಡಿ. ಮನೆ ಬದಲಿಸಿದರೆ ವಿಳಾಸವನ್ನೂ ಬದಲಿಸಬೇಕು. ಪ್ರೈಮರಿಗೆ ಮೊದಲು ಟೆಕ್ಸಸ್‌ನಲ್ಲಿ 30 ದಿನ, ನ್ಯೂಜೆರ್ಸಿಯಲ್ಲಿ 21 ದಿನದ ಗಡುವಿದೆ.

ಎರಡನೆಯದು ಪಕ್ಷದ ಕಲಂ. ನ್ಯೂಯಾರ್ಕ್‌ನಲ್ಲಿ ಪಕ್ಷ ಬದಲಿಸಲು ಈಗ ಫೆಬ್ರುವರಿ 14 ಕೊನೆಯ ದಿನ. ನ್ಯೂಜೆರ್ಸಿಯಲ್ಲಿ ಯಾವ ಪಕ್ಷಕ್ಕೂ ಸೇರದವರು ಪ್ರೈಮರಿಯ ದಿನ ಮತಗಟ್ಟೆಯಲ್ಲೇ ಪಕ್ಷ ಹೇಳಬಹುದು, ಒಂದು ಪಕ್ಷದಿಂದ ಇನ್ನೊಂದಕ್ಕೆ ಹೋಗುವವರು ಮಾತ್ರ 55 ದಿನ ಮೊದಲೇ ತಿಳಿಸಬೇಕು. ಮಿಷಿಗನ್, ಟೆಕ್ಸಸ್‌ನಲ್ಲಿ ಪಕ್ಷದ ನೋಂದಣಿಯೇ ಇಲ್ಲ, ಯಾವುದಾದರೂ ಒಂದು ಪಕ್ಷದ ಪ್ರೈಮರಿ ಆರಿಸಿಕೊಳ್ಳಬಹುದು. ಕ್ಯಾಲಿಫೋರ್ನಿಯಾದಲ್ಲಿ ಸಂಸತ್ತು ಮತ್ತು ರಾಜ್ಯದ ಹುದ್ದೆಗಳಿಗೆ ಎಲ್ಲ ಪಕ್ಷದವರೂ ಒಂದೇ ಪ್ರೈಮರಿಯಲ್ಲಿ ನಿಲ್ಲುತ್ತಾರೆ, ಮೊದಲ ಇಬ್ಬರು ನವೆಂಬರಿಗೆ ಹೋಗುತ್ತಾರೆ. ಅಲ್ಲಿ 'ಅಮೆರಿಕನ್ ಇಂಡಿಪೆಂಡೆಂಟ್' ಎಂಬುದು ಒಂದು ಬಲಪಂಥೀಯ ಪಕ್ಷದ ಹೆಸರು. ಪಕ್ಷೇತರ ಎಂದು ಭಾವಿಸಿ ಅದನ್ನು ಗುರುತು ಮಾಡಿದವರು ಬಹಳ ಮಂದಿ.

ಮೂರನೆಯದು ಮತಪತ್ರದ ಕೆಳಭಾಗ. ಶಾಲಾ ಮಂಡಳಿ, ನ್ಯಾಯಾಧೀಶರು, ಪ್ರಾಸಿಕ್ಯೂಟರ್ ಹುದ್ದೆಗಳೂ ಅಲ್ಲಿರಬಹುದು. ಮಾದರಿ ಮತಪತ್ರ ಮೊದಲೇ ಸಿಗುತ್ತದೆ, ಮನೆಯಲ್ಲಿ ಕೂತು ಓದಿಕೊಳ್ಳಿ.

ವೀಸಾ ಅಥವಾ ಗ್ರೀನ್ ಕಾರ್ಡ್‌ನಲ್ಲಿರುವವರು ಈ ಚುನಾವಣೆಗಳಿಗೆ ನೋಂದಾಯಿಸಿಕೊಳ್ಳಲೇಬಾರದು, ಗಡೀಪಾರಿನವರೆಗೆ ಹೋಗಬಹುದಾದ ಅಪರಾಧ ಅದು. ಸಂಬಳವಿಲ್ಲದ ಸ್ವಯಂಸೇವೆಗೆ ಅಡ್ಡಿಯಿಲ್ಲ. ಗ್ರೀನ್ ಕಾರ್ಡ್ ಇರುವವರು ದೇಣಿಗೆಯನ್ನೂ ಕೊಡಬಹುದು, ವೀಸಾದವರು ಕೊಡುವಂತಿಲ್ಲ.

2026ರ ವೇಳಾಪಟ್ಟಿಯಲ್ಲಿ ಟೆಕ್ಸಸ್ ಪ್ರೈಮರಿ ಮಾರ್ಚ್ 3, ಕ್ಯಾಲಿಫೋರ್ನಿಯಾ ಮತ್ತು ನ್ಯೂಜೆರ್ಸಿ ಜೂನ್ 2, ನ್ಯೂಯಾರ್ಕ್ ಜೂನ್ 23, ಮಿಷಿಗನ್ ಆಗಸ್ಟ್ 4. ಎಲ್ಲವೂ ಮಂಗಳವಾರವೇ.

ಸಿಸ್ನೆರೋಸ್ ಸೋತ ಆ 289 ಮತಗಳನ್ನು ಇನ್ನೊಮ್ಮೆ ನೆನಪಿಸಿಕೊಳ್ಳಿ. ದೊಡ್ಡ ಊರಿನ ಒಂದು ಕನ್ನಡ ಕೂಟ ಯುಗಾದಿಗೆ ಹೋಳಿಗೆ ಊಟ ಹಾಕಿದರೆ ಅದಕ್ಕಿಂತ ಹೆಚ್ಚು ಜನ ಸೇರುತ್ತಾರೆ. ಆ ಪಂಕ್ತಿಯಲ್ಲಿ ಪಕ್ಕ ಕೂತವರನ್ನು ಈ ಸಲ ಒಂದು ಮಾತು ಕೇಳಿ: ನಿಮ್ಮ ಪ್ರೈಮರಿ ಯಾವತ್ತು, ಹೆಸರು ಪಟ್ಟಿಯಲ್ಲಿದೆಯೇ?